ಬತ್ತಿದ ತೈಲಬಾವಿಯನ್ನು ಮುಚ್ಚುವವರು ಯಾರು?

ಅಮೆರಿಕಾದ ತೈಲೋದ್ಯಮ ಎಂದೊಡನೆ ನಮ್ಮ ನೆನಪಿಗೆ ಬರುವುದು ದೈತ್ಯ ಕಂಪೆನಿಗಳು. ಆದರೆ ಟೆಕ್ಸಾಸ್, ಒಕ್ಲಹೋಮ, ಪೆನ್ಸಿಲ್ವೇನಿಯ ಮೊದಲಾದ ರಾಜ್ಯಗಳಲ್ಲಿ ಬೆರಳೆಣಿಕೆಯ ಕೆಲಸಗಾರರನ್ನಿಟ್ಟುಕೊಂಡು ಹಳೆಯ ಬಾವಿಗಳಿಂದ ತೈಲ, ಅನಿಲ ತೆಗೆಯುವ ಸಣ್ಣ ಸ್ವತಂತ್ರ ಉತ್ಪಾದಕರು ಸಾವಿರಾರು ಮಂದಿ ಇದ್ದಾರೆ. ದಿನಕ್ಕೆ 15 ಬ್ಯಾರಲ್ ಅಥವಾ ಅದಕ್ಕಿಂತ ಕಡಿಮೆ ಕೊಡುವ ಬಾವಿಗಳೇ ಆ ದೇಶದಲ್ಲಿ ಮುಕ್ಕಾಲು ಪಾಲು. ಉತ್ಪಾದನೆಯಲ್ಲಿ ಮಾತ್ರ ಅವುಗಳ ಪಾಲು ಬಹಳ ಚಿಕ್ಕದು. ಸರ್ಕಾರದ ಹೊಸ ನಿಯಮಗಳು ತಮ್ಮ ಕಸುಬನ್ನೇ ಮುಗಿಸುತ್ತವೆ ಎಂಬುದು ಈ ಉತ್ಪಾದಕರ ಅಳಲು.

ಈ ಅಳಲಿನಲ್ಲಿ ಸತ್ಯವಿಲ್ಲವೆಂದು ನಾವು ಹೇಳಲಾರೆವು. ದೊಡ್ಡ ಕಂಪೆನಿಯಲ್ಲಿ ವರದಿ ಬರೆಯಲೆಂದೇ ಒಂದು ವಿಭಾಗವಿರುತ್ತದೆ. ಸಣ್ಣವನ ಬಳಿ ಪಂಪು ರಿಪೇರಿ ಮಾಡುವವನೇ ವರದಿಯನ್ನೂ ಬರೆಯಬೇಕು. ಆದರೂ ಮಿಥೇನ್ ಸೋರಿಕೆ ತಡೆಯಲು 2024ರಲ್ಲಿ ಪ್ರಕಟವಾದ ನಿಯಮದಲ್ಲಿ ಒಂಟಿ ಬಾವಿಗಳ ಮೇಲೆ ಹೇರಿದ ತಪಾಸಣೆ ಅಷ್ಟೇನೂ ಕಠಿಣವಲ್ಲ: ಮೂರು ತಿಂಗಳಿಗೊಮ್ಮೆ ಹೋಗಿ ಕಣ್ಣಲ್ಲಿ ನೋಡಿ, ಕಿವಿಗೊಟ್ಟು ಕೇಳಿ, ಮೂಸಿ ಸೋರಿಕೆ ಪತ್ತೆಹಚ್ಚುವುದು. ಇಷ್ಟಕ್ಕೂ ಬಾವಿಗಳಿಂದ ಹೊರಬರುವ ಮಿಥೇನ್‌ನಲ್ಲಿ ಸುಮಾರು ಅರ್ಧದಷ್ಟು ಈ ಕಡಿಮೆ ಇಳುವರಿಯ ಬಾವಿಗಳದ್ದೇ ಎಂದು 2022ರ ಒಂದು ಅಧ್ಯಯನ ತೋರಿಸಿದೆ.

ನಿಜವಾದ ಜಗಳ ಇರುವುದು ಠೇವಣಿಯ ವಿಷಯದಲ್ಲಿ. ಬಾವಿ ಬತ್ತಿದ ಮೇಲೆ ಸಿಮೆಂಟ್ ತುಂಬಿ ಮುಚ್ಚಿ, ನೆಲವನ್ನು ಸರಿಪಡಿಸಬೇಕು. ಕೇಂದ್ರ ಸರ್ಕಾರದ ಜಮೀನಿನಲ್ಲಿ ಇದಕ್ಕಾಗಿ ಇಡಬೇಕಾದ ಕನಿಷ್ಠ ಠೇವಣಿ ಒಂದು ಗುತ್ತಿಗೆಗೆ 10,000 ಡಾಲರ್ ಇತ್ತು. 1960ರಲ್ಲಿ ನಿಗದಿಯಾದ ಮೊತ್ತವದು! ಒಂದು ರಾಜ್ಯದಲ್ಲಿರುವ ಎಲ್ಲ ಗುತ್ತಿಗೆಗಳಿಗೂ ಸೇರಿ 25,000 ಡಾಲರ್ ಸಾಕಿತ್ತು. ಒಂದೇ ಒಂದು ಬಾವಿ ಮುಚ್ಚಲು ತಗಲುವ ಸರಾಸರಿ ವೆಚ್ಚ ಸರ್ಕಾರದ ಅಂದಾಜಿನಂತೆ 71,000 ಡಾಲರ್. 2024ರ ನಿಯಮ ಈ ಮೊತ್ತಗಳನ್ನು ಅನುಕ್ರಮವಾಗಿ 1,50,000 ಮತ್ತು 5,00,000 ಡಾಲರ್‌ಗೆ ಏರಿಸಿತು.

ಅರುವತ್ತು ವರ್ಷ ಸುಮ್ಮನಿದ್ದು ಒಮ್ಮೆಲೇ ಹದಿನೈದು ಪಟ್ಟು, ಇಪ್ಪತ್ತು ಪಟ್ಟು ಏರಿಸಿದರೆ ಸಣ್ಣವರು ತತ್ತರಿಸದೆ ಇರುವರೇ? ಈ ತಪ್ಪು ಸರ್ಕಾರದ್ದು. ಆದರೆ ಇನ್ನೊಂದು ಮುಖವೂ ಇದೆ. ಬಾವಿ ಚೆನ್ನಾಗಿ ಹರಿಯುವಾಗ ಲಾಭ ಪಡೆದ ದೊಡ್ಡ ಕಂಪೆನಿ, ಇಳುವರಿ ಕುಸಿದೊಡನೆ ಅದನ್ನು ಸಣ್ಣವನಿಗೆ ಮಾರುತ್ತದೆ. ಅವನು ಇನ್ನೂ ಸಣ್ಣವನಿಗೆ. ಕೊನೆಯವನು ದಿವಾಳಿಯಾದಾಗ ಬಾವಿಗೆ ವಾರಸುದಾರರೇ ಇಲ್ಲ. ಇಂಥ 'ಅನಾಥ ಬಾವಿ'ಗಳು ದಾಖಲೆಯಲ್ಲೇ ಒಂದು ಲಕ್ಷಕ್ಕೂ ಮಿಕ್ಕಿವೆ. ಅವುಗಳನ್ನು ಮುಚ್ಚಲು 2021ರ ಕಾನೂನಿನಲ್ಲಿ 470 ಕೋಟಿ ಡಾಲರ್ ತೆರಿಗೆ ಹಣವನ್ನು ತೆಗೆದಿರಿಸಬೇಕಾಯಿತು. ಕೆಂಪುಕಲ್ಲು ಕಡಿದು ಹಾಗೇ ಬಿಟ್ಟುಹೋದ ಹೊಂಡಗಳನ್ನು ಕಂಡಿರುವ ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟ್ರಂಪ್ ಸರ್ಕಾರ 2025ರ ಫೆಬ್ರವರಿಯಲ್ಲಿ ಈ ನಿಯಮದ ಮರುಪರಿಶೀಲನೆಗೆ ಆದೇಶಿಸಿತು. ಸಣ್ಣವರಿಗೆ ಕಂತುಗಳಲ್ಲಿ, ಬಾವಿ ಹರಿಯುತ್ತಿರುವಾಗಲೇ ಪ್ರತಿ ಬ್ಯಾರಲ್‌ನ ಆದಾಯದಿಂದ ಇಷ್ಟಿಷ್ಟೆಂದು ಠೇವಣಿ ಕಟ್ಟಲು ಅವಕಾಶ ಕೊಡುವುದು ನ್ಯಾಯವೆಂದೇ ನಮ್ಮ ಅಭಿಪ್ರಾಯ. ಮೊದಲು ಲಾಭ ಉಂಡ ಕಂಪೆನಿಯೂ ತನ್ನ ಪಾಲನ್ನು ಮಾರಾಟದ ಹೊತ್ತಿನಲ್ಲೇ ಇಟ್ಟುಹೋಗಲಿ. ಆದರೆ ಸಣ್ಣವರ ಹೆಸರು ಹೇಳಿ 1960ರ ಮೊತ್ತಕ್ಕೇ ಮರಳಿದರೆ, ಆ ಬಾವಿಗಳನ್ನು ಮುಚ್ಚುವ ಖರ್ಚು ಅವುಗಳಿಂದ ಒಂದು ತೊಟ್ಟು ತೈಲವನ್ನೂ ಪಡೆಯದ ನೆರೆಯ ರೈತನ ತೆರಿಗೆಯಿಂದಲೇ ಹೋಗಬೇಕಾಗುತ್ತದೆ.