ಸಂಖ್ಯೆ ಗೊತ್ತಿದೆ, ಸಂಗತಿ ಗೊತ್ತಿಲ್ಲ

ಬೆಂಗಳೂರಿನ ವಿಜಯನಗರದಲ್ಲಿ ಹಾಲಿನವನಿಗಿಂತ ಮೊದಲೇ ಏಳುವವರು ಸ್ಪರ್ಧಾತ್ಮಕ ಪರೀಕ್ಷೆಗಳ ಅಭ್ಯರ್ಥಿಗಳು. ಧಾರವಾಡದ ಸಪ್ತಾಪುರದಂತೆ ಈ ಬಡಾವಣೆಯೂ ಈಗ ತರಬೇತಿ ಕೇಂದ್ರಗಳ, ಓದುವ ಕೊಠಡಿಗಳ, ಜೆರಾಕ್ಸ್ ಅಂಗಡಿಗಳ ಊರಾಗಿದೆ. ಅರ್ಥಶಾಸ್ತ್ರದ ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ಮೇಲೆ ನಾನು ಮಹಡಿಯ ಕೋಣೆಗಳನ್ನು ವಿದ್ಯಾರ್ಥಿನಿಯರಿಗೆ ಬಾಡಿಗೆಗೆ ಕೊಡುತ್ತಾ ಬಂದಿದ್ದೇನೆ. ಅವರ ಕೈಯಲ್ಲಿ ಸದಾ ಇರುವುದು ಆ ತಿಂಗಳ ‘ಪ್ರಚಲಿತ ವಿದ್ಯಮಾನ’ದ ಹೊತ್ತಗೆ. ಯೋಜನೆಯ ಹೆಸರು, ಜಾರಿಯಾದ ದಿನ, ಮೀಸಲಿಟ್ಟ ಹಣ, ಸಮಿತಿಯ ಅಧ್ಯಕ್ಷರು ಎಲ್ಲವೂ ಅದರಲ್ಲಿ ಸಾಲು ಸಾಲಾಗಿ ಇರುತ್ತವೆ.

2024ರ ಫೆಬ್ರುವರಿಯ ಒಂದು ಮುಂಜಾನೆಯ ಮಾತು. ತೆರಿಗೆ ಹಂಚಿಕೆಯಲ್ಲಿ ಅನ್ಯಾಯವಾಗಿದೆ ಎಂದು ರಾಜ್ಯದ ಮುಖ್ಯಮಂತ್ರಿ ಮತ್ತು ಸಚಿವರು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತಿದ್ದರು. ಆ ಚಿತ್ರವಿದ್ದ ಪತ್ರಿಕೆಯನ್ನು ಕೇಳಿ ಪಡೆಯಲು ಮಹಡಿಯಿಂದ ಇಳಿದು ಬಂದವಳು ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಹುಡುಗಿ. ಕೇಂದ್ರದ ತೆರಿಗೆಯಲ್ಲಿ ನಮ್ಮ ಪಾಲು ಎಷ್ಟಮ್ಮ ಎಂದು ಕೇಳಿದೆ. ಕ್ಷಣವೂ ತಡಮಾಡದೆ ಹೇಳಿದಳು: ‘ಹದಿನಾಲ್ಕನೇ ಆಯೋಗದಾಗ 4.713, ಹದಿನೈದನೇದರಾಗ 3.647 ರೀ ಸರ್.’

‘ಯಾಕೆ ಇಳಿಯಿತು?’

ಆಕೆ ಸುಮ್ಮನಾದಳು. ಆಮೇಲೆ ಸಂಕೋಚದಿಂದ, ‘ಅನ್ಯಾಯ ಆಗ್ಯಾದಂತ ಎಲ್ಲಾರೂ ಅಂತಾರ್ರೀ ಸರ್. ಕಾರಣ ನೋಟ್ಸ್‌ನಾಗ ಇಲ್ಲ’ ಎಂದಳು.

ಹುಡುಗಿಯ ಉತ್ತರ ಪ್ರಾಮಾಣಿಕವಾಗಿತ್ತು. ಸಂಖ್ಯೆಯನ್ನು ಮೂರು ದಶಮಾಂಶ ಸ್ಥಾನದವರೆಗೆ ಒಪ್ಪಿಸಬಲ್ಲ ನಮ್ಮ ಮಕ್ಕಳಿಗೆ ಅದರ ಹಿಂದಿನ ಸಂಗತಿಯನ್ನು ಹೇಳುವವರಿಲ್ಲ. ನಾಗರಿಕ ಸೇವೆಗಳಿಗೆ ನಡೆಯುತ್ತಿರುವ ಸಿದ್ಧತೆಯ ದೊಡ್ಡ ಕೊರತೆ ಇದೇ ಎಂದು ನನಗೆ ಅಂದು ಅನಿಸಿತು. ಇಂದೂ ಹಾಗೆಯೇ ಅನಿಸುತ್ತಿದೆ.

ಆ ಬೆಳಿಗ್ಗೆ ನಾನು ಆಕೆಗೆ ಹೇಳಿದ್ದನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇನೆ. ಸಂವಿಧಾನದ 280ನೇ ವಿಧಿಯಂತೆ ರಚನೆಯಾಗುವ ಹಣಕಾಸು ಆಯೋಗ ಎರಡು ಪ್ರಶ್ನೆಗಳನ್ನು ಬಿಡಿಸುತ್ತದೆ. ಕೇಂದ್ರ ಸಂಗ್ರಹಿಸುವ ತೆರಿಗೆಯಲ್ಲಿ ರಾಜ್ಯಗಳಿಗೆಲ್ಲ ಸೇರಿ ಎಷ್ಟು ಕೊಡಬೇಕು ಎಂಬುದು ಮೊದಲನೆಯದು. ಹಾಗೆ ಬಂದದ್ದನ್ನು ರಾಜ್ಯ ರಾಜ್ಯಗಳ ನಡುವೆ ಹೇಗೆ ಹಂಚಬೇಕು ಎಂಬುದು ಎರಡನೆಯದು. ಮೊದಲನೆಯದಕ್ಕೆ 14ನೇ ಆಯೋಗ ಶೇ 42 ಎಂದಿತ್ತು. ಜಮ್ಮು-ಕಾಶ್ಮೀರ ಕೇಂದ್ರಾಡಳಿತ ಪ್ರದೇಶವಾದ ಬಳಿಕ 15ನೇ ಆಯೋಗ ಅದನ್ನು ಶೇ 41 ಎಂದಿತು. ಸೆಸ್ ಮತ್ತು ಸರ್ಚಾರ್ಜ್ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಅವು ಪೂರ್ಣವಾಗಿ ಕೇಂದ್ರದ ಹಣ. ರಾಜ್ಯಗಳಿಗೆಂದು ಬಂದ ಪ್ರತಿ ನೂರು ರೂಪಾಯಿಯಲ್ಲಿ ಕರ್ನಾಟಕಕ್ಕೆ ಮೊದಲು ಸಿಗುತ್ತಿದ್ದುದು 4 ರೂಪಾಯಿ 71 ಪೈಸೆ. 15ನೇ ಆಯೋಗದ ಶಿಫಾರಸಿನಂತೆ ಅದು 3 ರೂಪಾಯಿ 65 ಪೈಸೆಗೆ ಇಳಿಯಿತು.

ಇಳಿದದ್ದಕ್ಕೆ ಕಾರಣ ಆಯೋಗ ಬಳಸಿದ ಅಳತೆಗೋಲಿನಲ್ಲಿದೆ. 15ನೇ ಆಯೋಗ ನೂರಕ್ಕೆ 45ರಷ್ಟು ತೂಕವನ್ನು ‘ವರಮಾನದ ಅಂತರ’ಕ್ಕೆ ಕೊಟ್ಟಿತು. ತಲಾ ವರಮಾನದಲ್ಲಿ ಮುಂದಿರುವ ರಾಜ್ಯಕ್ಕಿಂತ ಒಂದು ರಾಜ್ಯ ಎಷ್ಟು ಹಿಂದಿದೆಯೋ ಅಷ್ಟು ಹೆಚ್ಚು ಪಾಲು ಅದಕ್ಕೆ ಸಿಗುತ್ತದೆ. ಜನಸಂಖ್ಯೆಗೆ ಶೇ 15, ವಿಸ್ತೀರ್ಣಕ್ಕೆ ಶೇ 15, ಅರಣ್ಯಕ್ಕೆ ಶೇ 10, ಜನಸಂಖ್ಯೆಯ ನಿಯಂತ್ರಣಕ್ಕೆ ಶೇ 12.5, ತೆರಿಗೆ ಸಂಗ್ರಹದ ಪ್ರಯತ್ನಕ್ಕೆ ಶೇ 2.5. ಎರಡು ಆಯೋಗಗಳ ನಡುವಿನ ವರ್ಷಗಳಲ್ಲಿ ಕರ್ನಾಟಕದ ತಲಾ ವರಮಾನ ಗಣನೀಯವಾಗಿ ಏರಿತ್ತು, ಅಂತರ ಕುಗ್ಗಿತು, ಪಾಲೂ ಕುಗ್ಗಿತು. ನಾವು ಕೂಗಿ ಹೇಳುವ ಅನ್ಯಾಯದ ಇನ್ನೊಂದು ಬದಿಯಲ್ಲಿ ಶೇ 10.058 ಪಾಲು ಪಡೆದ ಬಿಹಾರವಿದೆ. ಅಲ್ಲಿನ ಹಳ್ಳಿಯ ಮಗುವಿಗೂ ಶಾಲೆ ಬೇಕು, ಆಸ್ಪತ್ರೆ ಬೇಕು. ಆಡಳಿತಾಧಿಕಾರಿಯಾಗ ಬಯಸುವವರು ಎರಡೂ ಕಡೆಯ ವಾದವನ್ನು ಎದುರಾಳಿಯ ಬಾಯಿಂದ ಕೇಳಿದಷ್ಟೇ ಚೆನ್ನಾಗಿ ಅರಿತಿರಬೇಕು.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ರಾಜ್ಯದ ಸರಾಸರಿ ವರಮಾನವನ್ನು ಎತ್ತಿ ಹಿಡಿದಿರುವುದು ಬಹುಮಟ್ಟಿಗೆ ಬೆಂಗಳೂರು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಸಂಪತ್ತು ಮತ್ತು ದೇವದುರ್ಗದ ಕೂಲಿಯ ದುಡಿಮೆ ಎರಡನ್ನೂ ಕೂಡಿಸಿ ಭಾಗಿಸಿದಾಗ ಬರುವ ಅಂಕಿಯಲ್ಲಿ ದೇವದುರ್ಗ ಕಾಣುವುದೇ ಇಲ್ಲ. ಪ್ರೊ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳನ್ನು ಅಳೆದು 114ನ್ನು ಹಿಂದುಳಿದವು ಎಂದೂ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವು ಎಂದೂ ಗುರುತಿಸಿತು. ಆ 39ರಲ್ಲಿ ದೇವದುರ್ಗವೂ ಇತ್ತು. ಆ ಭಾಗದ ಹಿಂದುಳಿದಿರುವಿಕೆಯನ್ನು ಒಪ್ಪಿಕೊಂಡೇ 2012ರಲ್ಲಿ ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371(ಜೆ) ವಿಧಿ ಬಂದದ್ದು. ಅದರ ಅಡಿಯಲ್ಲೇ ಈ ಹುಡುಗಿಗೆ ಶಿಕ್ಷಣದಲ್ಲೂ ರಾಜ್ಯ ಸರ್ಕಾರದ ನೇಮಕಾತಿಯಲ್ಲೂ ಮೀಸಲಾತಿ ದೊರೆಯುತ್ತದೆ. ದೆಹಲಿಯಲ್ಲಿ ಬಡವರ ಹೆಸರಿನಲ್ಲಿ ಕೇಳಿ ತಂದ ಹಣ ರಾಜ್ಯದೊಳಗಿನ ಬಡ ತಾಲ್ಲೂಕಿಗೆ ಎಷ್ಟು ತಲುಪಿತು ಎಂಬ ಪ್ರಶ್ನೆಯನ್ನು ಅವಳು ಬೆಂಗಳೂರಿಗೂ ಕೇಳಬಹುದು.

ಆಕೆ ಪೆನ್ನು ಕೆಳಗಿಟ್ಟು ಹೇಳಿದಳು: ‘ಇದು ನಮ್ಮೂರಿನ ಲೆಕ್ಕಾನೇ ಅದಲ್ರೀ ಸರ್!’

ಹೌದು, ಅವಳೂರಿನ ಲೆಕ್ಕವೇ. ಆದರೆ ಅದು ಅವಳಿಗೆ ಎಲ್ಲೋ ದೂರದ, ನಾಳೆ ಬಹುಆಯ್ಕೆ ಪ್ರಶ್ನೆಯಾಗಿ ಬರಬಹುದಾದ ಒಂದು ಅಂಕಿಯಾಗಿ ಮಾತ್ರ ಕಲಿಸಲ್ಪಟ್ಟಿತ್ತು. ಆಯೋಗ ಬದಲಾದಂತೆ ಅಂಕಿ ಬದಲಾಗುತ್ತದೆ. 2026ರ ಏಪ್ರಿಲ್‌ನಿಂದ ಐದು ವರ್ಷಗಳ ಅವಧಿಗೆ ಶಿಫಾರಸು ಮಾಡಲು 16ನೇ ಆಯೋಗ 2023ರ ಕೊನೆಯಲ್ಲಿ ರಚನೆಯಾಯಿತು. ನೋಟ್ಸ್ ಪುಸ್ತಕದಲ್ಲಿ ಹಳೆಯ ಅಂಕಿ ಹೊಡೆದುಹಾಕಿ ಹೊಸದನ್ನು ಬರೆದುಕೊಳ್ಳುವುದು ಎರಡು ನಿಮಿಷದ ಕೆಲಸ. ಹಂಚಿಕೆಯ ತರ್ಕ ತಿಳಿದವರಿಗೆ ಮಾತ್ರ ಹೊಸ ಅಂಕಿಯ ಅರ್ಥವಾದೀತು.

ಅಭ್ಯರ್ಥಿಗಳಿಗೆ ಸಮಯವಿಲ್ಲ, ಹೆಸರು ಮತ್ತು ವರ್ಷ ನೆನಪಿಲ್ಲದಿದ್ದರೆ ಪೂರ್ವಭಾವಿ ಪರೀಕ್ಷೆಯನ್ನೇ ದಾಟಲಾಗದು ಎಂದು ತರಬೇತುದಾರರು ಹೇಳುತ್ತಾರೆ. ಮಾತಿನಲ್ಲಿ ಸತ್ಯವಿದೆ. ತಪ್ಪು ಉತ್ತರಕ್ಕೆ ಮೂರನೇ ಒಂದು ಭಾಗ ಅಂಕ ಕಳೆಯುವ ಪರೀಕ್ಷೆಯಲ್ಲಿ ನೆನಪಿಗೆ ಬೆಲೆ ಇದ್ದೇ ಇದೆ. ಆದರೆ ಯುಪಿಎಸ್‌ಸಿಯ ಅಂತಿಮ ಆಯ್ಕೆಗೆ ಪೂರ್ವಭಾವಿ ಪರೀಕ್ಷೆಯ ಒಂದು ಅಂಕವೂ ಸೇರುವುದಿಲ್ಲ. ಲೆಕ್ಕಕ್ಕೆ ಬರುವ 2025 ಅಂಕಗಳಲ್ಲಿ 1250 ಅಂಕಗಳು ಸಾಮಾನ್ಯ ಅಧ್ಯಯನ ಮತ್ತು ಪ್ರಬಂಧಕ್ಕೆ ಮೀಸಲು. ಅಲ್ಲಿ ಕೇಳುವುದು ಏಕೆ, ಹೇಗೆ ಎಂದು. ಪಟ್ಟಿ ಕಂಠಪಾಠ ಮಾಡಿದವರು ಎಡವುವುದು ಅಲ್ಲಿಯೇ.

ಕನ್ನಡದ ಅಭ್ಯರ್ಥಿಗೆ ಈ ಕಷ್ಟ ಇಮ್ಮಡಿ. ಡಿ.ಎಸ್. ಕೊಠಾರಿ ಸಮಿತಿಯ ಶಿಫಾರಸಿನ ಫಲವಾಗಿ 1979ರಿಂದ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಆದರೆ ಭಾಷೆ ಮತ್ತು ಸಾಹಿತ್ಯದ ಪತ್ರಿಕೆಗಳನ್ನು ಬಿಟ್ಟರೆ ಪ್ರಶ್ನೆಗಳು ಇರುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಹಣಕಾಸು ಆಯೋಗದ ವರದಿಯ ವಾದ ಸರಣಿಯೂ ಆ ಭಾಷೆಗಳಲ್ಲೇ ಉಳಿದಿದೆ; ಕನ್ನಡಕ್ಕೆ ಇಳಿದು ಬರುವುದು ಅಂಕಿ ಮಾತ್ರ. ನಮ್ಮದೇ ಮನೆಯ ಸ್ಥಿತಿಯೂ ಹೆಮ್ಮೆಪಡುವಂಥದ್ದಲ್ಲ. 2024ರ ಆಗಸ್ಟ್ 27ರಂದು ಕೆಪಿಎಸ್‌ಸಿ ನಡೆಸಿದ ಗೆಜೆಟೆಡ್ ಪ್ರೊಬೇಷನರಿ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದ ಎಷ್ಟು ದೋಷಪೂರ್ಣವಾಗಿತ್ತೆಂದರೆ ಸರ್ಕಾರ ಮರುಪರೀಕ್ಷೆಗೆ ಸೂಚಿಸಬೇಕಾಯಿತು. ಡಿಸೆಂಬರ್ 29ರಂದು ನಡೆದ ಮರುಪರೀಕ್ಷೆಯ ಅನುವಾದದ ಬಗೆಗೂ ದೂರುಗಳು ಕೇಳಿಬಂದವು. ಆಡಳಿತವನ್ನು ಕನ್ನಡದಲ್ಲಿ ವಿವರಿಸುವ ಅಭ್ಯಾಸವೇ ತಪ್ಪಿಹೋದ ಕಡೆ ಆಡಳಿತದ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳುವುದೂ ಕಷ್ಟವೇ.

ಇದನ್ನು ಸರಿಪಡಿಸಲು ದೊಡ್ಡ ಖರ್ಚೇನೂ ಬೇಕಾಗಿಲ್ಲ. ಕೇಂದ್ರದ ಮುಖ್ಯ ವರದಿಯೊಂದು ಹೊರಬಂದಾಗ ಅದರ ತಿರುಳನ್ನು ತಿಳಿಗನ್ನಡದಲ್ಲಿ ಇಪ್ಪತ್ತು ಪುಟಗಳಿಗೆ ಇಳಿಸಿ ಪ್ರಕಟಿಸುವ ಕೆಲಸವನ್ನು ರಾಜ್ಯ ಸರ್ಕಾರ ನಮ್ಮ ವಿಶ್ವವಿದ್ಯಾಲಯಗಳ ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರ ವಿಭಾಗಗಳಿಗೆ ವಹಿಸಬಹುದು. ಪತ್ರಿಕೆಗಳೂ ತೆರಿಗೆಯ ಪಾಲನ್ನು ಕ್ರಿಕೆಟ್ ಸ್ಕೋರಿನಂತೆ ಮುದ್ರಿಸಿ ಕೈತೊಳೆದುಕೊಳ್ಳಬಾರದು. ಅಭ್ಯರ್ಥಿಗಳಿಗೆ ನಾನು ಹೇಳುವುದು ಇಷ್ಟೇ: ಪ್ರತಿ ಸುದ್ದಿಯ ಮುಂದೆಯೂ ನಾಲ್ಕು ಪ್ರಶ್ನೆ ಬರೆದುಕೊಳ್ಳಿ. ಇದು ಯಾವ ಕಾನೂನಿನ ಬಲದಿಂದ ಬಂತು? ತೀರ್ಮಾನ ಯಾರದು? ಹಣ ಎಲ್ಲಿಂದ? ನಮ್ಮೂರಿಗೆ ಏನು ತಲುಪಿತು?

ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ ಎಂದು ನನಗೆ ಅನಿಸಲು ಕಾರಣವಿದೆ. 2024ರ ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆ ಬರೆದವರು ಸುಮಾರು 5.8 ಲಕ್ಷ ಮಂದಿ. ಅಂತಿಮವಾಗಿ ಆಯ್ಕೆಯಾದವರು 1009. ಉಳಿದವರೆಲ್ಲ ತಮ್ಮ ಯೌವನದ ಎರಡೋ ಮೂರೋ ವರ್ಷಗಳನ್ನು ಕೊಟ್ಟು ಊರಿಗೆ ಮರಳುವವರು. ಅವರು ಹೊತ್ತೊಯ್ಯುವುದು ಹಳತಾದ ಅಂಕಿಗಳನ್ನೋ ಅಥವಾ ಸರ್ಕಾರ ಹೇಗೆ ನಡೆಯುತ್ತದೆಂಬ ತಿಳಿವಳಿಕೆಯನ್ನೋ ಎಂಬುದು ಸಣ್ಣ ವಿಷಯವಲ್ಲ.

ನಮ್ಮ ಮಹಡಿಯ ಹುಡುಗಿಯೂ ಆ ವರ್ಷ ತೇರ್ಗಡೆಯಾಗಲಿಲ್ಲ. ಕೋಣೆ ಖಾಲಿ ಮಾಡಿ ಹೊರಡುವಾಗ ಪ್ರಚಲಿತ ವಿದ್ಯಮಾನದ ಹೊತ್ತಗೆಗಳನ್ನು ರದ್ದಿಗೆ ಹಾಕಿದಳು. ಕೆಲವು ತಿಂಗಳ ನಂತರ ಊರಿನಿಂದ ಫೋನು ಮಾಡಿದಳು. ಹಣಕಾಸು ಆಯೋಗದ ಶಿಫಾರಸಿನಂತೆ ಗ್ರಾಮ ಪಂಚಾಯಿತಿಗಳಿಗೂ ಅನುದಾನ ಬರುತ್ತದೆಂದೂ, 15ನೇ ಆಯೋಗ ಅದರಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿದೆಯೆಂದೂ ಆಕೆಗೆ ಗೊತ್ತಿತ್ತು. ಗ್ರಾಮಸಭೆಯಲ್ಲಿ ಎದ್ದು ನಿಂತು ತಮ್ಮ ಪಂಚಾಯಿತಿಗೆ ಬಂದ ಆ ಹಣದ ಲೆಕ್ಕ ಕೇಳಿದಳಂತೆ. ಪಿಡಿಒ ಕಡತ ತರಿಸಿ ಓದಲೇಬೇಕಾಯಿತಂತೆ. ‘ಊರ ಮಂದೆಲ್ಲಾ ಕೇಳಿಸಿಕೊಂಡ್ರು ರೀ ಸರ್’ ಎಂದಳು. ಅವಳ ದನಿಯಲ್ಲಿ ಪರೀಕ್ಷೆ ಸೋತ ಬೇಸರ ನನಗೆ ಕೇಳಿಸಲಿಲ್ಲ.