ಎಂ.ಎಸ್‌ಸಿ.ಗೆ ಮುನ್ನ

ಬಿ.ಎಸ್‌ಸಿ. ಫಲಿತಾಂಶ ಹೊರಬಿದ್ದ ಮೇಲೆ ಪ್ರತಿವರ್ಷವೂ ಕೆಲವರು ವಿದ್ಯಾರ್ಥಿಗಳು ನಮ್ಮಲ್ಲಿಗೆ ಬಂದು, “ಸಾರ್, ಎಂ.ಎಸ್‌ಸಿ.ಗೆ ಎಲ್ಲಿ ಸೇರಿದರೆ ಒಳ್ಳೆಯದು?” ಎಂದು ಕೇಳುವುದುಂಟು. ಅಷ್ಟು ಹೊತ್ತಿಗೆ ಐ.ಐ.ಟಿ.ಗಳ ‘ಜ್ಯಾಮ್’ ಪರೀಕ್ಷೆ ಮುಗಿದು ತಿಂಗಳುಗಳೇ ಕಳೆದಿರುತ್ತವೆ. ಆ ಪರೀಕ್ಷೆ ಸಾಮಾನ್ಯವಾಗಿ ಫೆಬ್ರವರಿಯಲ್ಲಿ. ಅರ್ಜಿಯ ಕಾಲ ಅದಕ್ಕೂ ಹಿಂದಿನ ಸೆಪ್ಟೆಂಬರು. ಬಿ.ಎಸ್‌ಸಿ. ಆದವರನ್ನು ಪಿಎಚ್.ಡಿ.ಯವರೆಗೆ ಒಂದೇ ಹಾದಿಯಲ್ಲಿ ಒಯ್ಯುವ ವ್ಯಾಸಂಗವೊಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ, ವಿದ್ಯಾರ್ಥಿವೇತನವೂ ಉಂಟು. ಭೌತಶಾಸ್ತ್ರದವರು ಅಲ್ಲಿಗೆ ಹೋಗುವುದೂ ‘ಜ್ಯಾಮ್’ ಅಥವಾ ‘ಜೆಸ್ಟ್’ ಪರೀಕ್ಷೆಯ ಮೂಲಕವೇ. ಅರ್ಜಿ ಹಾಕಿ ಸೋತವರಿಗಿಂತ, ಹಾಕಬಹುದೆಂಬುದನ್ನೇ ಅರಿಯದೆ ಉಳಿದವರನ್ನು ಕಂಡು ನಾವು ಹೆಚ್ಚು ನೊಂದಿದ್ದೇವೆ.

ಆದರೆ ‘ಎಲ್ಲಿ’ ಎಂಬುದಕ್ಕೆ ಮೊದಲು ‘ಏಕೆ’ ಎಂಬ ಪ್ರಶ್ನೆಯಿದೆ. ಬೇರೇನೂ ತೋಚಲಿಲ್ಲವೆಂದು ಇನ್ನೆರಡು ವರ್ಷ ಓದುವುದು ನಮಗೆ ಒಪ್ಪಿಗೆಯಿಲ್ಲ. ಅಂಕಪಟ್ಟಿಯೂ ಇದಕ್ಕೆ ಸಾಕಾದ ಸಾಕ್ಷಿಯಲ್ಲ. ಸರಳ ಲೋಲಕದ ಪ್ರಯೋಗದಲ್ಲಿ ಗುರುತ್ವದ ವೇಗೋತ್ಕರ್ಷ 9.63 ಎಂದು ಬಂದಿತೆನ್ನಿ. ಪುಸ್ತಕದಲ್ಲಿ 9.8 ಎಂದಿದೆ. ಹಲವರು ಕಾಲದ ಅಂಕಿಗಳನ್ನು ಸದ್ದಿಲ್ಲದೆ ತಿದ್ದಿ ರುಜು ಹಾಕಿಸಿಕೊಂಡು ಹೋಗುವರು. (ಇದನ್ನು ಕಂಡೂ ಕಾಣದಂತೆ ಇರುವ ಅಧ್ಯಾಪಕರಲ್ಲಿ ನಾವೂ ಸೇರಿದ್ದೇವೆ.) ಒಮ್ಮೆ ಒಬ್ಬ ವಿದ್ಯಾರ್ಥಿನಿ ತಿದ್ದದೆ ಕುಳಿತಳು. ದಾರದ ಉದ್ದವನ್ನು ಮತ್ತೆ ಅಳೆದಳು, ಗಡಿಯಾರವನ್ನು ಬದಲಿಸಿದಳು. ಕೊನೆಗೆ, ತಾನು ಗುಂಡನ್ನು ಸುಮಾರು 20 ಡಿಗ್ರಿಯಷ್ಟು ಎಳೆದು ಬಿಡುತ್ತಿದ್ದುದು ಅವಳ ಗಮನಕ್ಕೆ ಬಂದಿತು. ಅಷ್ಟು ಅಗಲವಾಗಿ ತೂಗಿದರೆ ಆಂದೋಲನ ಕಾಲ ನೂರಕ್ಕೆ 0.8ರಷ್ಟು ಹೆಚ್ಚುತ್ತದೆ, ಲೆಕ್ಕದಲ್ಲಿ ವೇಗೋತ್ಕರ್ಷ ನೂರಕ್ಕೆ 1.5ರಷ್ಟು ಕುಗ್ಗುತ್ತದೆ. ಅಂದು ಅವಳಿಗೆ ಊರಿನ ಕೊನೆಯ ಬಸ್ಸು ತಪ್ಪಿತು. ಇಂಥವರು ಅರ್ಜಿ ಹಾಕಲೇಬೇಕು, ಅಂಕಗಳು ಹೇಗೇ ಇರಲಿ.

ಮನೆಯ ಕಷ್ಟದಿಂದ ಮೊದಲು ಸಂಪಾದನೆಗೆ ನಿಲ್ಲಬೇಕಾದವರೂ ಇದ್ದಾರೆ. 1907ರಲ್ಲಿ ಎಂ.ಎ. ಮುಗಿಸಿದ ಸಿ. ವಿ. ರಾಮನ್ ಸರ್ಕಾರದ ಹಣಕಾಸು ಇಲಾಖೆಯನ್ನು ಸೇರಿದರು. ಕಲ್ಕತ್ತೆಯಲ್ಲಿ ಕಚೇರಿಯ ವೇಳೆಗೆ ಮುಂಚೆಯೂ ಅನಂತರವೂ ಪ್ರಯೋಗ ನಡೆಸುತ್ತ, 1917ರಲ್ಲಿ ಕಡಿಮೆ ಸಂಬಳದ ಪ್ರಾಧ್ಯಾಪಕ ಪದವಿಯನ್ನು ಒಪ್ಪಿಕೊಂಡರು. ಎಲ್ಲರಿಗೂ ಹತ್ತಿರದಲ್ಲೊಂದು ಪ್ರಯೋಗಾಲಯ ಸಿಗುವುದಿಲ್ಲ, ನಿಜ. ಆದುದರಿಂದಲೇ ವೇತನವಿರುವ ಸ್ಥಳಗಳನ್ನು ಮೊದಲು ವಿಚಾರಿಸಬೇಕೆನ್ನುತ್ತೇವೆ.

ಸಂಸ್ಥೆಯ ಹೆಸರಿಗೆ ಮಾರುಹೋಗುವುದು ಬೇಡ. ಮೈಸೂರು, ಧಾರವಾಡದಂಥ ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಎಂ.ಎಸ್‌ಸಿ. ಮಾಡಿದವರಿಗೂ ನೆಟ್, ಗೇಟ್, ಜೆಸ್ಟ್ ಪರೀಕ್ಷೆಗಳ ಮೂಲಕ ಸಂಶೋಧನೆಯ ಬಾಗಿಲು ಮತ್ತೆ ತೆರೆಯುತ್ತದೆ. ಸೇರುವ ಮೊದಲು ಅಲ್ಲಿ ಈಗ ಓದುತ್ತಿರುವವರನ್ನು ಕೇಳಿರಿ: ಪ್ರಯೋಗಾಲಯ ಸಂಜೆ ತೆರೆದಿರುವುದೇ? ಉಪಕರಣ ಕೆಟ್ಟರೆ ಬಿಚ್ಚಿ ನೋಡಲು ಬಿಡುವರೇ? ನಿಮಗೆ ಬೇಕಾದ ವಿಷಯದಲ್ಲಿ ಕೆಲಸಮಾಡುವ ಅಧ್ಯಾಪಕರು ಒಬ್ಬರಾದರೂ ಇದ್ದಾರೆಯೇ?

ಕೊನೆಯ ವರ್ಷದಲ್ಲಿರುವವರೂ ‘ಜ್ಯಾಮ್’ ಬರೆಯಬಹುದು. ಫಲಿತಾಂಶಕ್ಕೆ ಕಾಯದೆ, ಆ ವರ್ಷದ ಆಗಸ್ಟಿನಲ್ಲೇ ನಿಮ್ಮ ಅಧ್ಯಾಪಕರನ್ನು ಹೋಗಿ ಕಾಣಿರಿ.