ರಕ್ತದ ಲಾಭಕ್ಕೆ ಬರ್ಕತ್ ಉಂಟೇ?

2008ರ ‘ವಾರ್, ಇಂಕ್.’ ಎಂಬ ವಿಡಂಬನಾ ಚಿತ್ರದಲ್ಲಿ, ತುರಾಕಿಸ್ತಾನವೆಂಬ ಕಲ್ಪಿತ ದೇಶದ ಯುದ್ಧವನ್ನು ಅಮೆರಿಕದ ಮಾಜಿ ಉಪಾಧ್ಯಕ್ಷನೊಬ್ಬನ ಕಂಪೆನಿಯೇ ಗುತ್ತಿಗೆ ಹಿಡಿದು ನಡೆಸುತ್ತದೆ. ಇದು ಅತಿರೇಕವೆಂದು ಮೂಗು ಮುರಿದವರುಂಟು.

ನಾವು ಕೇಳುತ್ತೇವೆ: ಅತಿರೇಕ ಯಾವುದು? ಡಿಕ್ ಚೆನಿ 1995ರಿಂದ 2000ದವರೆಗೆ ಹ್ಯಾಲಿಬರ್ಟನ್ ಕಂಪೆನಿಯ ಮುಖ್ಯಸ್ಥರಾಗಿದ್ದರು. ಬಳಿಕ ಅಮೆರಿಕದ ಉಪಾಧ್ಯಕ್ಷರಾದರು. 2003ರಲ್ಲಿ ಇರಾಕಿನ ತೈಲೋದ್ಯಮವನ್ನು ದುರಸ್ತಿಗೊಳಿಸುವ ಗುತ್ತಿಗೆಯು ಸ್ಪರ್ಧೆಯೇ ಇಲ್ಲದೆ ಅದೇ ಕಂಪೆನಿಯ ಅಂಗಸಂಸ್ಥೆಗೆ ದಕ್ಕಿತು. 2007ರಲ್ಲಿ ಬಾಗ್ದಾದಿನ ನಿಸೂರ್ ಚೌಕದಲ್ಲಿ ಬ್ಲ್ಯಾಕ್‌ವಾಟರ್ ಎಂಬ ಖಾಸಗಿ ಕಂಪೆನಿಯ ಕಾವಲುಗಾರರು 17 ನಾಗರಿಕರನ್ನು ಗುಂಡಿಕ್ಕಿ ಕೊಂದರು. ಶಿಕ್ಷೆಗೊಳಗಾದ ನಾಲ್ವರಿಗೂ 2020ರಲ್ಲಿ ಅಧ್ಯಕ್ಷ ಟ್ರಂಪ್ ಕ್ಷಮಾದಾನವಿತ್ತರು. ವಾಸ್ತವದ ಮುಂದೆ ವಿಡಂಬನೆಯೇ ಸಪ್ಪೆಯಾಯಿತು.

ಇಸ್ಲಾಮ್ ವ್ಯಾಪಾರವನ್ನು ಹೀಗಳೆಯುವುದಿಲ್ಲ. ಪ್ರವಾದಿವರ್ಯರು(ಸ) ಸ್ವತಃ ವ್ಯಾಪಾರಿಯಾಗಿದ್ದರು. ಆದರೆ ಗಳಿಕೆ ಎಷ್ಟು ಎಂಬುದಕ್ಕಿಂತ ಮೊದಲು, ಅದು ಎಲ್ಲಿಂದ ಬಂತೆಂದು ಇಸ್ಲಾಮ್ ಕೇಳುತ್ತದೆ. ಅನ್ಯರ ವಿನಾಶವೇ ಬಂಡವಾಳವಾದ ವ್ಯಾಪಾರಕ್ಕೆ ಶಾಂತಿಯೇ ನಷ್ಟ. ಅದು ಶಾಂತಿಯನ್ನು ಬಯಸುವುದಾದರೂ ಹೇಗೆ?

ಈ ಪ್ರಶ್ನೆ ಅಮೆರಿಕನ್ನರಿಗಷ್ಟೇ ಅಲ್ಲ. ಶಸ್ತ್ರಾಸ್ತ್ರ ಕಂಪೆನಿಯ ಶೇರು ಏರಿತೆಂದು ಹಿಗ್ಗುವವನು ನಮ್ಮವನೇ ಆಗಿದ್ದರೂ ಅಲ್ಲಾಹನ ಮುಂದೆ ಲೆಕ್ಕ ಒಪ್ಪಿಸಲೇಬೇಕು. ಚಿತ್ರ ನೋಡಿ ನಕ್ಕು ಎದ್ದುಹೋಗುವುದು ಸುಲಭ. ಹಲಾಲ್ ಎಂಬುದು ಊಟದ ತಟ್ಟೆಗೆ ಮಾತ್ರ ಸೀಮಿತವಲ್ಲವೆಂದು ಮಕ್ಕಳಿಗೆ ಕಲಿಸುವುದು ನಮ್ಮ ಹೊಣೆ.